ಆಚಂದ್ರಾರ್ಕ ಅಂದರೆ ಎಷ್ಟು ವರ್ಷ? ದತ್ತಿ ಶಾಸನಗಳಲ್ಲಿರುವ ಹಣದ ಲೆಕ್ಕ

ಹೋದ ದೀಪಾವಳಿ ಮುಗಿದ ವಾರ ಹಾರೂಗೇರಿಯ ನಮ್ಮ ಓಣಿಯ ವಾಚನಾಲಯದ ಕಮಿಟಿಯವರು ನಾಲ್ಕು ಮಂದಿ ಮನೆಗೆ ಬಂದರು. ಕೈಯಲ್ಲೊಂದು ಮೃತ್ಯುಪತ್ರದ ಝೆರಾಕ್ಸ್ ಪ್ರತಿ ಇತ್ತು. ನಮಗೆಲ್ಲ ಅಕ್ಷರ ಕಲಿಸಿದ, ಊರೆಲ್ಲ 'ಅಕ್ಕೋರು' ಅಂತ ಕರೀತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ತೀರಿಕೊಂಡು ಮೂರು ತಿಂಗಳಾಗಿತ್ತು. ತಮ್ಮ ಉಳಿತಾಯದಲ್ಲಿ 10 ಲಕ್ಷ ರೂಪಾಯಿಯನ್ನು ಅವರು ವಾಚನಾಲಯಕ್ಕೆ ಬಿಟ್ಟುಹೋಗಿದ್ದರು. 'ಬಡ ಮಕ್ಕಳ ಓದಿಗೆ' ಅಂತ ಒಂದೇ ಸಾಲು. ಹೇಗೆ, ಎಷ್ಟು, ಎಲ್ಲೀತನಕ ಅನ್ನೋದು ಏನೂ ಇಲ್ಲ.

"ಸರ, ನೀವು ಕಲ್ಲ ಓದಾವ್ರು. ಈ ಕಾಗದಾನೂ ಒಂದಿಷ್ಟು ಓದಿ ಹೇಳ್ರಿ" ಅಂದರು ಹಿರಿಯರು. ಉಳಿದವರಲ್ಲಿ ಇಬ್ಬರಿಗೆ ಆಗಲೇ ಒಂದು ಯೋಚನೆ ಬಂದುಬಿಟ್ಟಿತ್ತು: ಬಾಗಿಲಿಗೆ ಒಂದು ಕಮಾನು, ಮೇಲೊಂದು ಹಾಲ್, ಅದಕ್ಕೆ ಅಕ್ಕೋರ ಹೆಸರು.

ನಾನು ತಕ್ಷಣ ಉತ್ತರ ಕೊಡಲಿಲ್ಲ, ಅದಕ್ಕೆ ಕಾರಣ ಉಂಟು. ಇಪ್ಪತ್ತು ವರ್ಷದ ಹಿಂದೆ ಇಂಥದೇ ಇನ್ನೊಂದು ಕಮಿಟಿಯಲ್ಲಿ ನಾನೂ ಸದಸ್ಯನಾಗಿದ್ದೆ. ಒಬ್ಬ ಅಜ್ಜಾರು ದಿನಾ ಸಂಜೆ ದೀಪ ಹಚ್ಚಲಿಕ್ಕೆ ಅಂತ 2 ಲಕ್ಷ ಬಿಟ್ಟುಹೋಗಿದ್ದರು. ಮೂರು ವರ್ಷದೊಳಗೆ ಆ ದುಡ್ಡು ಊಟದ ಮನೆಯ ಪತ್ರಾಸ್ ಶೆಡ್ಡಾಯಿತು. ಠರಾವಿನ ಕೆಳಗೆ ನನ್ನ ಸಹಿಯೂ ಇದೆ. ಈಗ ಆ ದೀಪ ಉರಿಯೋದು ಶ್ರಾವಣದಲ್ಲಿ ಮಾತ್ರ, ಅದೂ ಯಾರಾದರೂ ಎಣ್ಣೆ ತಂದರೆ. ಅಂದು ನಾವು ಕದಿಯಲಿಲ್ಲ, ಆದರೆ ಯೋಚನೆಯನ್ನೂ ಮಾಡಲಿಲ್ಲ.

ಆಮೇಲೆ ಶಾಸನ ಓದೋ ಹವ್ಯಾಸ ಹತ್ತಿದಾಗ ಒಂದು ಸಂಗತಿ ತಿಳಿಯಿತು. ನಾವು ಶಾಸನಗಳಲ್ಲಿ ರಾಜರ ಹೆಸರು, ಬಿರುದು, ವಂಶಾವಳಿ ಹುಡುಕುತ್ತೇವೆ. ಆದರೆ ದಾನಶಾಸನದ ಕೊನೆಯ ಭಾಗವೆಂದರೆ ಒಂದು ಹಣಕಾಸು ಯೋಜನೆ: ಕೊಟ್ಟವನು ಸತ್ತ ಮೇಲೂ ಕೊಟ್ಟದ್ದು ನಡೆಯಬೇಕು, ಅದಕ್ಕೆ ಏನೇನು ವ್ಯವಸ್ಥೆ ಬೇಕು ಅನ್ನೋ ವಿವರ. ಕಮಿಟಿಯವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೂಲ ಮುಟ್ಟುವಂತಿಲ್ಲ

ದಾನಶಾಸನದಲ್ಲಿ ಅತಿ ಸಾಮಾನ್ಯವಾದ ದತ್ತಿ ಭೂಮಿ. ನಮ್ಮ ಸೀಮೆಯನ್ನು ಆಗ ಕೂಂಡಿ ಮೂರುಸಾವಿರ ಅಂತಿದ್ದರು, ಆಳಿದವರು ರಟ್ಟರು. ಅವರ ಸವದತ್ತಿಯ ಕ್ರಿ.ಶ. 980ರ ಶಾಸನದಲ್ಲಿ ಶಾಂತಿವರ್ಮನು ಸುಗಂಧವರ್ತಿಯಲ್ಲಿ, ಅಂದರೆ ಸವದತ್ತಿಯಲ್ಲಿ, ಬಸದಿ ಕಟ್ಟಿಸಿ 150 ಮತ್ತರು ಭೂಮಿ ಬಿಟ್ಟ ವಿಷಯವಿದೆ. ಗಮನಿಸಬೇಕಾದ್ದು ಏನೆಂದರೆ, ಬಸದಿಗೆ ಸೇರೋದು ಹೊಲದ ಬೆಳೆ. ಹೊಲವನ್ನು ಮಾರಿ ತಿನ್ನುವ ಮಾತೇ ಇಲ್ಲ.

ಹಣದ ದತ್ತಿಯಲ್ಲೂ ಇದೇ ತರ್ಕ. ಶ್ರವಣಬೆಳಗೊಳದಲ್ಲಿ 13ನೇ ಶತಮಾನದ ಸಣ್ಣ ಸಣ್ಣ ಶಾಸನಗಳು ಹಲವಿವೆ. ಕೆಲವು ಗದ್ಯಾಣಗಳನ್ನು ಇಡುಗಂಟಾಗಿ ಒಪ್ಪಿಸಿ, ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ಇಷ್ಟು ಹಾಲು, ಪೂಜೆಗೆ ಇಷ್ಟು ಹೂವು ಅಂತ ಗೊತ್ತುಮಾಡಿದ ಬರಹಗಳು ಅವು. ಕೊಟ್ಟವರಲ್ಲಿ ರಾಜರಿಗಿಂತ ಸೆಟ್ಟಿಗಳು, ಸಾಮಾನ್ಯ ಗೃಹಸ್ಥರೇ ಹೆಚ್ಚು. ಇವತ್ತಿನ ಭಾಷೆಯಲ್ಲಿ ಅದು ಕಾರ್ಪಸ್, ಮೂಲನಿಧಿ. ಹತ್ತು ಲಕ್ಷ ಬಂತು ಅಂದಕೂಡಲೇ 'ಹತ್ತು ಲಕ್ಷ ಖರ್ಚಿಗೆ ಇದೆ' ಅಂತ ತಿಳಿಯೋದೇ ಮೊದಲ ತಪ್ಪು. ಅಂದು ಪತ್ರಾಸ್ ಶೆಡ್ ಕಟ್ಟಿದ ನಾವು ಮಾಡಿದ್ದೂ ಅದನ್ನೇ.

ಅಳತೆಯ ವಿಷಯದಲ್ಲೂ ಅವರು ಬಿಗಿ. ಇಷ್ಟು ಮತ್ತರು ಅಂದರೆ ಸಾಲದು, ಯಾವ ಗಳೆಯಿಂದ ಅಳೆದದ್ದು ಅಂತ ಹೇಳುತ್ತಾರೆ. ಬಳ್ಳಿಗಾವೆ ಕಡೆ ಭೇರುಂಡ ಗಳೆ ಅನ್ನೋ ಹೆಸರೇ ಇತ್ತು. ಆಮೇಲೆ ನಾಲ್ಕು ದಿಕ್ಕಿನ ಗಡಿ: ಮೂಡಣಕ್ಕೆ ಹಳ್ಳ, ತೆಂಕಣಕ್ಕೆ ದಾರಿ, ಹೀಗೆ. ನಾಳೆ ತಕರಾರು ಬರುತ್ತದೆ ಅಂತ ಬರೆಯೋ ದಿನವೇ ಅವರಿಗೆ ಗೊತ್ತಿತ್ತು.

ತೇರದಾಳದ ಕಲ್ಲು

ಹಾರೂಗೇರಿಯಿಂದ ಪೂರ್ವಕ್ಕೆ ಗಾಡಿ ಮೇಲೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ತೇರದಾಳ. ಅಲ್ಲಿಯ ನೇಮಿನಾಥ ಬಸದಿಯ ಶಾಸನವನ್ನು ಹಣದ ಕಣ್ಣಿನಿಂದ ಓದಿದವರು ಕಡಿಮೆ. ಮಾಂಡಲಿಕ ಗೊಂಕನು ಬಸದಿ ಕಟ್ಟಿಸಿ, ರಟ್ಟ ಕಾರ್ತವೀರ್ಯನೂ ಕೊಲ್ಲಾಪುರದ ಮಾಘನಂದಿ ಸೈದ್ಧಾಂತಿಕರೂ ಇದ್ದ ಸಂದರ್ಭದಲ್ಲಿ ಭೂಮಿ ಬಿಟ್ಟದ್ದು 1123ರಲ್ಲಿ. ಆದರೆ ಶಾಸನ ಅಲ್ಲಿಗೆ ಮುಗಿಯೋದಿಲ್ಲ. ಅದೇ ಕಲ್ಲಿನಲ್ಲಿ 1182ರ ತೇದಿ ಇದೆ, 1187ರ ತೇದಿಯೂ ಇದೆ. ಅಯ್ಯಾವೊಳೆ ಐನೂರ್ವರ ವರ್ತಕ ಸಂಘದವರೂ ಈ ಶಾಸನದಲ್ಲಿ ಬರುತ್ತಾರೆ.

ಈ 64 ವರ್ಷದಲ್ಲಿ ಏನೇನಾಯಿತು ನೋಡ್ರಿ. ಮೊದಲ ದತ್ತಿಯ ಕಾಲಕ್ಕೆ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ. ಆಮೇಲೆ ಬಿಜ್ಜಳ ಗದ್ದುಗೆ ಏರಿದ, ಕಲಚುರಿಗಳು ಆಳಿದರು, ಕಲ್ಯಾಣದಲ್ಲಿ ಶರಣರ ಕ್ರಾಂತಿ ಆಯಿತು. ಕೊನೆಯ ತೇದಿಯ ಹೊತ್ತಿಗೆ ಚಾಲುಕ್ಯ ನಾಲ್ಕನೇ ಸೋಮೇಶ್ವರ ಮತ್ತೆ ಬಂದಿದ್ದ. ಮೇಲೆ ಸರ್ಕಾರ ಎರಡು ಸಲ ಬದಲಾಯಿತು, ಕೆಳಗೆ ತೇರದಾಳದ ಬಸದಿಗೆ ದತ್ತಿ ಬರುತ್ತಲೇ ಇತ್ತು.

ಇದರಿಂದ ನಾನು ಕಲಿತದ್ದು: ಮೊದಲ ದತ್ತಿ ಸರಿಯಾಗಿ ನಡೆದರೆ ಎರಡನೆಯದು ತಾನಾಗಿ ಬರುತ್ತದೆ. ಅರವತ್ತು ವರ್ಷದ ಹಿಂದಿನವರು ಕೊಟ್ಟದ್ದು ನಡೆಯುತ್ತಿದೆ ಅಂತ ಕಣ್ಣಾರೆ ಕಂಡವನೇ ಅದೇ ಕಲ್ಲಿನ ಮೇಲೆ ತನ್ನದನ್ನೂ ಸೇರಿಸಲು ಧೈರ್ಯ ಮಾಡುತ್ತಾನೆ. ನಮ್ಮ ದೀಪದ ದುಡ್ಡಿನ ಗತಿ ನೋಡಿದ ಮೇಲೆ ಆ ಕಮಿಟಿಗೆ ಯಾರೂ ಮೃತ್ಯುಪತ್ರದಲ್ಲಿ ಒಂದು ಪೈಸೆ ಬರೆಯಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಾಲೋಟಗಿಯ ಬಜೆಟ್

ಇಂಡಿ ತಾಲೂಕಿನ ಸಾಲೋಟಗಿ ಇಲ್ಲಿಂದ ಸ್ವಲ್ಪ ದೂರ, ಆದರೆ ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಶಾಸನದ ಕಾಲ 945. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು.

ಆದಾಯವನ್ನು ಹೇಗೆ ಹಂಚಿದ್ದಾರೆ ನೋಡಿ. ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿ. ದೀಪಕ್ಕೆ ಬೇರೆಯಾಗಿ 12 ನಿವರ್ತನ. ಹೂದೋಟಕ್ಕೆ 4. ಆಚಾರ್ಯನಿಗೆ 50. ವಾಸಕ್ಕೆ 27 ಮನೆ. ಇಷ್ಟೇ ಆಗಿದ್ದರೆ ಅದೊಂದು ಸಾಮಾನ್ಯ ದತ್ತಿ ಆಗಿರುತ್ತಿತ್ತು. ಮುಂದೆ ಊರವರ ಪಾಲು ಬರುತ್ತದೆ: ಊರಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು.

ಇದರಲ್ಲಿ ಎರಡು ಜಾಣತನ ಇವೆ. ಮೊದಲನೆಯದು, ಒಂದೊಂದು ಖರ್ಚಿಗೆ ಒಂದೊಂದು ಆದಾಯವನ್ನು ಕಟ್ಟಿಹಾಕಿದ್ದು. ದೀಪದ ಹೊಲದ ಬೆಳೆ ಊಟಕ್ಕೆ ಹೋಗೋ ಹಾಗಿಲ್ಲ. ಇಂಥ ಒಂದು ಸಾಲು ಅಂದು ನಮ್ಮ ಠರಾವಿನಲ್ಲಿ ಇದ್ದಿದ್ದರೆ ಆ ಅಜ್ಜಾರ ದೀಪ ಈಗಲೂ ಉರಿಯುತ್ತಿತ್ತು. ಎರಡನೆಯದು, ಎಲ್ಲವನ್ನೂ ಭೂಮಿಯ ಮೇಲೆ ಹಾಕದೆ ಇದ್ದದ್ದು. ಮಳೆ ಬರದ ವರ್ಷ ಹೊಲ ಕೈಕೊಡುತ್ತದೆ, ಆಗಲೂ ಊರಲ್ಲಿ ಅಷ್ಟಿಷ್ಟು ಮದುವೆ ನಡೆದೇ ನಡೆಯುತ್ತವೆ. ಊರು ಬೆಳೆದಂತೆ ಮದುವೆ ಹೆಚ್ಚುತ್ತವೆ, ಶಾಲೆಯ ಆದಾಯವೂ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗಳ ಮದುವೆಗೆ 5 ನಾಣ್ಯ ಕೊಟ್ಟವನು 'ನಮ್ಮ ಶಾಲೆ' ಅನ್ನುತ್ತಾನೆ, ಮಂತ್ರಿಯ ಶಾಲೆ ಅನ್ನೋದಿಲ್ಲ.

ವಾಚನಾಲಯದವರಿಗೆ ಇನ್ನೊಂದು ಉದಾಹರಣೆಯನ್ನೂ ಹೇಳಿದೆ. ಚಿತ್ತಾಪುರ ತಾಲೂಕಿನ ನಾಗಾವಿಯ 1058ರ ಶಾಸನದಲ್ಲಿ ಮಧುಸೂದನ ದಂಡನಾಯಕನ ಘಟಿಕಾಸ್ಥಾನದ ವಿವರ ಬರುತ್ತದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಬೇರೆ, ಅಧ್ಯಾಪಕರು ಬೇರೆ, ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರು. ಅಂದರೆ ಪುಸ್ತಕ ಕಾಯುವವರು. ಅವರ ಜೀವನಕ್ಕೂ ಭೂಮಿ ಉಂಟು. ಪುಸ್ತಕ ಕೊಂಡರೆ ಮುಗಿಯಲಿಲ್ಲ, ಅದನ್ನು ತೆಗೆದುಕೊಡುವ, ಕಟ್ಟಿಡುವ ಮನುಷ್ಯನಿಗೂ ಸಂಬಳ ಬೇಕು ಅನ್ನೋದು ಅವರಿಗೆ ಹೊಳೆದಿತ್ತು. ನಮ್ಮ ವಾಚನಾಲಯ ಮಧ್ಯಾಹ್ನ ಮುಚ್ಚಿರೋದು ಪುಸ್ತಕ ಇಲ್ಲ ಅಂತಲ್ಲ, ಬಾಗಿಲು ತೆಗೆಯುವವರಿಲ್ಲ ಅಂತ.

ಖಂಡಸ್ಫುಟಿತ ಜೀರ್ಣೋದ್ಧಾರ

ದೇವಾಲಯ, ಬಸದಿಗಳ ದಾನಶಾಸನದಲ್ಲಿ ದಾನದ ಉದ್ದೇಶ ಹೇಳುವ ಒಂದು ಪಟ್ಟಿ ಇರುತ್ತದೆ. ಅಂಗಭೋಗ, ಅಂದರೆ ದೇವರ ಪೂಜೆ, ಅಲಂಕಾರ. ರಂಗಭೋಗ, ಅಂದರೆ ಸಂಗೀತ, ನೃತ್ಯ, ಉತ್ಸವ. ತಪಸ್ವಿಗಳ ಆಹಾರದಾನ, ವಿದ್ಯಾದಾನ. ಇವುಗಳ ನಡುವೆ ಮತ್ತೆ ಮತ್ತೆ ಬರುವ ಒಂದು ಪದ 'ಖಂಡಸ್ಫುಟಿತ ಜೀರ್ಣೋದ್ಧಾರ'. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು. ಅವುಗಳ ದುರಸ್ತಿ.

ಇದರ ವಿಶೇಷ ಏನೆಂದರೆ, ಎಷ್ಟೋ ಸಲ ಈ ಮಾತು ಬರೋದು ಹೊಸದಾಗಿ ಕಟ್ಟಿದ ಗುಡಿಯ ಶಾಸನದಲ್ಲೇ. ಕಳಸ ಇಟ್ಟ ದಿನವೇ, ಮುಂದೆ ಇದು ಬಿರುಕು ಬಿಡುತ್ತದೆ, ಅದಕ್ಕೂ ಆದಾಯ ಬೇಕು ಅಂತ ಬರೆಸಿದ್ದಾರೆ. ಈಗ ನಾವು ಸಮುದಾಯ ಭವನ ಕಟ್ಟಿ ಉದ್ಘಾಟನೆ ಮಾಡುತ್ತೇವೆ. ಐದು ವರ್ಷಕ್ಕೆ ಸೋರುತ್ತದೆ. ಆಗ ರಸೀದಿ ಪುಸ್ತಕ ಹಿಡಿದು ಮತ್ತೆ ಮನೆಮನೆಗೆ ಹೋಗುತ್ತೇವೆ. ಮೃತ್ಯುಪತ್ರದ ದುಡ್ಡಿನಿಂದ ಕಟ್ಟಡ ಎಬ್ಬಿಸಿದರೆ ಅದು ಆದಾಯ ತರೋದಿಲ್ಲ, ಖರ್ಚು ತರುತ್ತದೆ. ಕಮಾನಿನ ಪರವಾಗಿದ್ದ ಇಬ್ಬರೂ ಈ ಮಾತಿಗೆ ಸ್ವಲ್ಪ ಸುಮ್ಮನಾದರು.

ಕಾಯುವವರು ಯಾರು?

ದಾನವನ್ನು ಒಬ್ಬ ಆಚಾರ್ಯನ ಕಾಲು ತೊಳೆದು ಧಾರಾಪೂರ್ವಕ ಕೊಡುತ್ತಿದ್ದರು ನಿಜ. ಆದರೆ ರಕ್ಷಣೆಯ ಹೊಣೆ ಅವನೊಬ್ಬನದೇ ಅಲ್ಲ. ಅಗ್ರಹಾರವಾದರೆ ಮಹಾಜನರು, ಪಟ್ಟಣವಾದರೆ ನಖರ, ಅಂದರೆ ವರ್ತಕರ ಸಂಘ. ಹಳ್ಳಿಯಾದರೆ ಗೌಡರು ಮತ್ತು ಪ್ರಜೆ. ಕೊನೆಗೆ ಮುಂದೆ ಬರುವ ರಾಜರಿಗೂ ಬೇಡಿಕೆ: ಯಾರೇ ಕೊಟ್ಟಿರಲಿ, ಇದನ್ನು ನಡೆಸು, ನಡೆಸಿದವನಿಗೆ ಕೊಟ್ಟವನಷ್ಟೇ ಪುಣ್ಯ ಅಂತ. ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಾಪ.

ಶಾಪವನ್ನು ಓದಿ ನಾವು ನಗುತ್ತೇವೆ. ಆದರೆ ಆಡಿಟ್ ಇಲ್ಲದ, ನೋಂದಣಿ ಕಚೇರಿ ಇಲ್ಲದ ಕಾಲದಲ್ಲಿ ಅವರ ಕೈಯಲ್ಲಿದ್ದ ಉಪಾಯಗಳು ಮೂರೇ: ಹತ್ತಾರು ಮಂದಿ ಕಾವಲು, ದೈವದ ಭಯ, ಎಲ್ಲರ ಕಣ್ಣೆದುರಿಗೆ ನೆಟ್ಟ ಕಲ್ಲು. ತಾಮ್ರಶಾಸನ ಪಡೆದವನ ಮನೆಯಲ್ಲಿರುತ್ತದೆ. ಕಲ್ಲು ಗುಡಿಯ ಮುಂದೆ ಇರುತ್ತದೆ, ಬಂದವರೆಲ್ಲ ನೋಡುತ್ತಾರೆ. ಇವುಗಳಲ್ಲಿ ಮೂರನೆಯದೇ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

ಕಲ್ಲು ಉಳಿಯಿತು, ದತ್ತಿ ಉಳಿಯಲಿಲ್ಲ

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. 1204ರಲ್ಲಿ ರಟ್ಟ ನಾಲ್ಕನೇ ಕಾರ್ತವೀರ್ಯನ ಕಾಲದಲ್ಲಿ ಅವನ ಮಂತ್ರಿ ಬೀಚಣ ವೇಣುಗ್ರಾಮದಲ್ಲಿ, ಅಂದರೆ ಬೆಳಗಾವಿಯಲ್ಲಿ, ರಟ್ಟ ಜಿನಾಲಯ ಕಟ್ಟಿಸಿದ. ಅದಕ್ಕೆ ಉಂಬರವಾಣಿ ಎಂಬ ಹಳ್ಳಿಯನ್ನು ಬಿಟ್ಟರು, ಪೇಟೆಯ ವರ್ತಕರು ತಮ್ಮ ಸರಕಿನ ಮೇಲೆ ಸುಂಕದ ಪಾಲು ಕೊಟ್ಟರು. ಲಾಳ, ಮಲೆಯಾಳ ಕಡೆಯಿಂದ ಬಂದ ವ್ಯಾಪಾರಿಗಳೂ ಅದರಲ್ಲಿದ್ದರು. ಹಳ್ಳಿಯ ಆದಾಯ, ಪೇಟೆಯ ಆದಾಯ, ಪರದೇಶಿ ವ್ಯಾಪಾರದ ಆದಾಯ: ಇದಕ್ಕಿಂತ ಭದ್ರವಾದ ಯೋಜನೆ ಬೇಕೇ?

ಕೆಲವೇ ದಶಕಗಳಲ್ಲಿ ರಟ್ಟರ ರಾಜ್ಯ ಸೇವುಣರ ಪಾಲಾಯಿತು. ಆ ಎರಡು ಶಾಸನಗಳ ಕಲ್ಲುಗಳು ಈಗಿರೋದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿ. ಬಸದಿ ಬೆಳಗಾವಿಯ ಕೋಟೆಯಲ್ಲಿ, ಅದರ ಹಕ್ಕುಪತ್ರ ಸಮುದ್ರದಾಚೆ. ಆಚಂದ್ರಾರ್ಕ, ಸೂರ್ಯಚಂದ್ರರಿರುವ ತನಕ ಅಂತ ಬರೆದದ್ದು ತಾನಾಗಿ ನಡೆಯೋದಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ನಮ್ಮ ಕಾಲದಲ್ಲೂ ಇಂಥದೇ ಆಗಿದೆ. ಕರ್ನಾಟಕದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ಬಂತು. ಅದು ನ್ಯಾಯವೇ. ಆದರೆ ಗುಡಿಗಳಿಗೆ, ಧರ್ಮಸಂಸ್ಥೆಗಳಿಗೆ ಬೆಳೆಯ ಬದಲು ವರ್ಷಕ್ಕಿಷ್ಟು ಅಂತ ಹಣ ನಿಗದಿಯಾಯಿತು. ಬೆಳೆಯ ಪಾಲು ಬೆಲೆ ಏರಿದಂತೆ ಏರುತ್ತದೆ, ನಿಗದಿಯಾದ ರೂಪಾಯಿ ಏರೋದಿಲ್ಲ. ತಸ್ತೀಕಿನ ಹಣದಲ್ಲಿ ವರ್ಷವಿಡೀ ದೀಪಕ್ಕೆ ಎಣ್ಣೆ ಹೊಂದಿಸಲು ಪರದಾಡುವ ಪೂಜಾರಿಯನ್ನು ಕೇಳಿ, ಹಣದುಬ್ಬರ ಅಂದರೇನು ಅಂತ ಅವರು ಚೆನ್ನಾಗಿ ಹೇಳುತ್ತಾರೆ.

ಶಿರಸಂಗಿಯ ಮೃತ್ಯುಪತ್ರ

ಮೃತ್ಯುಪತ್ರದ ದತ್ತಿ ಅಂದರೆ ಬೆಳಗಾವಿ ಜಿಲ್ಲೆಯವರಿಗೆ ಮೊದಲು ನೆನಪಾಗೋದು ಶಿರಸಂಗಿ ಲಿಂಗರಾಜ ದೇಸಾಯಿ. 1861ರಲ್ಲಿ ಹುಟ್ಟಿದ ಅವರು 1906ರಲ್ಲಿ ತೀರಿಕೊಂಡರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದರು. ಅದರಿಂದ ನಡೆದದ್ದು ನವಲಗುಂದ–ಶಿರಸಂಗಿ ಟ್ರಸ್ಟ್. 1933ರಲ್ಲಿ ಬೆಳಗಾವಿಯಲ್ಲಿ ಶುರುವಾದ ಲಿಂಗರಾಜ ಕಾಲೇಜಿಗೆ ಅವರ ಹೆಸರು ಬಂತು. ಆದರೆ ಅವರು ಬಿಟ್ಟುಹೋದದ್ದು ಆದಾಯ ತರುವ ಆಸ್ತಿ, ಅದರ ಉದ್ದೇಶ ಓದು. ಸಾಲೋಟಗಿಯ ನಾರಾಯಣ ಮಾಡಿದ್ದೂ ಇದೇ.

ಮೃತ್ಯುಪತ್ರದ ಕಾನೂನಿನ ಒಂದು ಸಂಗತಿ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ಪ್ರಕಾರ, ಹತ್ತಿರದ ನೆಂಟರಿರುವ ಒಬ್ಬ ಕ್ರೈಸ್ತರು ಚರ್ಚಿಗೋ ಧರ್ಮಕಾರ್ಯಕ್ಕೋ ಆಸ್ತಿ ಬಿಡಬೇಕಾದರೆ, ಸಾಯುವುದಕ್ಕೆ ಕನಿಷ್ಠ 12 ತಿಂಗಳ ಮೊದಲೇ ಉಯಿಲು ಬರೆದಿರಬೇಕಿತ್ತು. ಬರೆದ 6 ತಿಂಗಳೊಳಗೆ ಅದನ್ನು ಕಾನೂನು ಹೇಳಿದಲ್ಲಿ ಠೇವಣಿ ಇಡಬೇಕಿತ್ತು. ಸಾವಿನ ದಿನ ಮೊದಲೇ ಯಾರಿಗೆ ಗೊತ್ತಿರುತ್ತದೆ? ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಇದನ್ನು ಪ್ರಶ್ನಿಸಿದರು. 2003ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮು ಸಮಾನತೆಗೆ ವಿರುದ್ಧ ಅಂತ ರದ್ದುಮಾಡಿತು. ಬಸದಿ, ಗುಡಿ, ಚರ್ಚು, ದರ್ಗಾ, ವಾಚನಾಲಯ ಯಾವುದೇ ಇರಲಿ, ಕೊಡುವ ದಾರಿ ಈಗ ಸಲೀಸು. ಪಡೆದ ಮೇಲೆ ನಡೆಸುವ ಪ್ರಶ್ನೆ ಎಲ್ಲರಿಗೂ ಒಂದೇ.

ಕಮಿಟಿಗೆ ಕೊಟ್ಟ ಲೆಕ್ಕ

ಕೊನೆಗೆ ಒಂದು ಹಾಳೆ ತಗೊಂಡು ಬರೆದುಕೊಟ್ಟೆ. 10 ಲಕ್ಷವನ್ನು ಠೇವಣಿ ಇಟ್ಟರೆ, 7ರಷ್ಟು ಬಡ್ಡಿ ಅಂತ ಹಿಡಿದರೆ, ವರ್ಷಕ್ಕೆ 70,000. ಅಷ್ಟನ್ನೂ ಖರ್ಚು ಮಾಡಿದರೆ ಮೂಲ ಹತ್ತು ಲಕ್ಷವಾಗಿಯೇ ಇರುತ್ತದೆ. ಆದರೆ ಬೆಲೆಗಳು ವರ್ಷಕ್ಕೆ 4ರಷ್ಟು ಏರಿದರೂ 18 ವರ್ಷಕ್ಕೆ ಅದರ ಕೊಳ್ಳುವ ಬಲ ಅರ್ಧವಾಗುತ್ತದೆ. ಆದ್ದರಿಂದ 40,000 ಮೂಲಕ್ಕೇ ತಿರುಗಿ ಸೇರಿಸಿ, ಮೊದಲ ವರ್ಷ 30,000 ಮಾತ್ರ ಬಳಸಿ. ಹೀಗೆ ಮಾಡಿದರೆ 18 ವರ್ಷಕ್ಕೆ ಮೂಲ ಸುಮಾರು 20 ಲಕ್ಷ, ಬಳಸುವ ಹಣ ಸುಮಾರು 60,000. ಅಕ್ಕೋರು ಕೊಟ್ಟ ಬೆಲೆ ಹಾಗೇ ಉಳಿಯುತ್ತದೆ.

"ಬರೇ ಮೂವತ್ತ ಸಾವಿರ ಏನ್ರಿ?" ಅಂದರು ಒಬ್ಬರು. ಕಡಿಮೆ ಅನಿಸೋದು ಸಹಜ. ಆದರೆ ಇವತ್ತು ಮೂವತ್ತು ಮಕ್ಕಳಿಗೆ ಪುಸ್ತಕ ಕೊಟ್ಟರೆ, ಅವರ ಮಕ್ಕಳು ಬಂದಾಗಲೂ ಮೂವತ್ತು ಮಂದಿಗೆ ಕೊಡಬಹುದು.

ಆ 30,000ದಲ್ಲಿ ಪುಸ್ತಕ ಮತ್ತು ಪರೀಕ್ಷಾ ಶುಲ್ಕಕ್ಕೆ 20,000, ಮಧ್ಯಾಹ್ನ ಬಾಗಿಲು ತೆಗೆಯುವ ಹುಡುಗನಿಗೆ 5,000, ಖಂಡಸ್ಫುಟಿತಕ್ಕೆ 5,000. ಒಂದರದ್ದು ಇನ್ನೊಂದಕ್ಕೆ ಹೋಗಬಾರದು. ಮೂಲ ಮುರಿಯಬೇಕಾದರೆ ಕಮಿಟಿಯ ಠರಾವು ಸಾಲದು, ಸರ್ವಸದಸ್ಯರ ಸಭೆ ಆಗಬೇಕು. ಬ್ಯಾಂಕಿನಲ್ಲಿ ಮೂವರ ಸಹಿ. ಸಾಲೋಟಗಿಯವರ ಹಾಗೆ ಊರ ಮದುವೆಗಳಲ್ಲಿ ಒಂದು ಸಣ್ಣ ಕಾಣಿಕೆ ಕೇಳೋದು, ಒತ್ತಾಯವಿಲ್ಲದೆ.

ತೆರಿಗೆಯ ಮಾತೊಂದು ಬಾಕಿ ಇದೆ. ಆದಾಯ ತೆರಿಗೆ ಕಾಯ್ದೆಯ ಲೆಕ್ಕದಲ್ಲಿ ನೋಂದಾಯಿತ ಧರ್ಮಸಂಸ್ಥೆ ತನ್ನ ಆದಾಯದ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು. ಉಳಿದ ಪಾಲಿಗಿಂತ ಹೆಚ್ಚು ಕೂಡಿಡಲು ಉದ್ದೇಶವನ್ನು ಇಲಾಖೆಗೆ ಬರೆದು ತಿಳಿಸಬೇಕು, ಅದಕ್ಕೂ 5 ವರ್ಷದ ಮಿತಿ. ಮೂಲನಿಧಿಗೆ ಅಂತ ಕೊಟ್ಟವರೇ ಬರೆದುಕೊಟ್ಟಿದ್ದರೆ ಅದರ ಲೆಕ್ಕ ಬೇರೆ. ಎಪ್ಪತ್ತು ಸಾವಿರದ ಆದಾಯಕ್ಕೆ ಇದು ದೊಡ್ಡ ತೊಡಕಾಗದು, ದೊಡ್ಡ ಮೊತ್ತ ಬಂದವರು ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು. ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ. ಕೊಡುವವರಿಗೂ ಒಂದು ಮಾತು: ಒಂದೇ ಸಾಲು ಬರೆಯಬೇಡಿ. ಮೂಲ ಮುಟ್ಟಬಾರದು ಅಂತಿದ್ದರೆ ಹಾಗೆಂದೇ ಬರೆಯಿರಿ. ಎಂಟುನೂರು ವರ್ಷದ ಹಿಂದೆ ಹಾಲಿನ ಅಳತೆಯನ್ನೂ ಬಿಡದೆ ಬರೆಸಿದ್ದಾರೆ.

ಆ ದಿನ ನನ್ನ ಹಳೆಯ ಸಹಿಯ ಕಥೆಯನ್ನೂ ಅವರಿಗೆ ಹೇಳಿದೆ. ಎರಡು ಸಭೆ ಆದವು, ಒಂದಿಷ್ಟು ಜಗಳವೂ ಆಯಿತು. ಕಮಾನು ಬಿಟ್ಟರು. ಬದಲಿಗೆ ಒಳಗಿನ ಗೋಡೆಗೆ ಒಂದು ಕಲ್ಲು ಹಾಕಿಸೋದು, ಅದರ ಮೇಲೆ ಅಕ್ಕೋರ ಹೆಸರಿನ ಜೊತೆ ದತ್ತಿಯ ನಿಯಮಗಳನ್ನೂ ಕೊರೆಸೋದು ಅಂತಾಯಿತು.

"ಕೊನೀಗೆ ಆಚಂದ್ರಾರ್ಕ ಅಂತ ಬರಸೋಣೇನ್ರಿ?" ಅಂತ ಹಿರಿಯರು ಕೇಳಿದರು. ಬೇಡ ಅಂದೆ. 'ಪ್ರತಿ ವರ್ಷ ಜನವರಿಯ ಮೊದಲ ಭಾನುವಾರ ಈ ದತ್ತಿಯ ಲೆಕ್ಕವನ್ನು ಇಲ್ಲೇ ನಿಂತು ಎಲ್ಲರೆದುರು ಓದತಕ್ಕದ್ದು' ಅಂತ ಬರೆಸಿ ಅಂದೆ. ಕೆಳಗೆ ಒಂದು ಗೇಣು ಜಾಗ ಖಾಲಿ ಬಿಡಲಿಕ್ಕೂ ಹೇಳಿದ್ದೇನೆ, ಮುಂದೆ ಕೊಡುವವರ ಹೆಸರಿಗೆ.

ನಿಮ್ಮ ಊರಿನ ದಾನಶಾಸನವನ್ನು ಇನ್ನೊಮ್ಮೆ ನೋಡಿ. ರಾಜನ ಬಿರುದು ಮುಗಿದ ಮೇಲಿನ ಸಾಲುಗಳಲ್ಲಿ ದೀಪಕ್ಕೆಷ್ಟು, ದುರಸ್ತಿಗೆಷ್ಟು, ಕಾಯುವವರು ಯಾರು ಅನ್ನೋದು ಸಿಕ್ಕರೆ ಬರೆದು ತಿಳಿಸಿ.